ಒಳಗಿನಿಂದ ಅಗುಳಿಯಿಲ್ಲದ ಬಾಗಿಲು

ಇಸ್ರೇಲ್ ದೇಶದಲ್ಲಿ ಕಳೆದ ಮೂರು ದಶಕಗಳಿಂದ ಹೊಸದಾಗಿ ಕಟ್ಟುವ ಮನೆಗಳಲ್ಲಿ ಒಂದು ಕೋಣೆ ಉಳಿದವುಗಳಿಗಿಂತ ಭಿನ್ನವಾಗಿರಬೇಕೆಂಬ ನಿಯಮವಿದೆ. ಅದರ ಗೋಡೆ, ನೆಲ, ತಾರಸಿಗಳೆಲ್ಲ ಕಬ್ಬಿಣದ ಸರಳು ಹೆಣೆದ ದಪ್ಪ ಕಾಂಕ್ರೀಟಿನವು. ಕಿಟಕಿಗೆ ಉಕ್ಕಿನ ಕದ; ಬಾಗಿಲೂ ಉಕ್ಕಿನದೇ. ಹೀಬ್ರೂ ಭಾಷೆಯಲ್ಲಿ ಈ ಕೋಣೆಗೆ 'ಮಮಾದ್' ಎನ್ನುತ್ತಾರೆ. 1991ರ ಕೊಲ್ಲಿ ಯುದ್ಧದಲ್ಲಿ ಇರಾಕಿನಿಂದ ಸುಮಾರು 40 ಸ್ಕಡ್ ಕ್ಷಿಪಣಿಗಳು ಬಂದೆರಗಿದಾಗ ಅಲ್ಲಿಯ ಕುಟುಂಬಗಳು ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ವಿಷಾನಿಲ ತಡೆಯುವ ಮುಖವಾಡ ಧರಿಸಿ ರಾತ್ರಿಗಳನ್ನು ಕಳೆದಿದ್ದವು. ಆ ಅನುಭವದಿಂದ ಹುಟ್ಟಿದ್ದು ಈ ನಿಯಮ. ಅನೇಕ ಮನೆಗಳಲ್ಲಿ ಈ ಕೋಣೆಯೇ ಮಕ್ಕಳು ಮಲಗುವ ಕೋಣೆ. ನಡುರಾತ್ರಿ ಸೈರನ್ ಕೂಗಿದರೆ ನಿದ್ರಿಸುವ ಮಕ್ಕಳನ್ನು ಎತ್ತಿಕೊಂಡು ಓಡಬೇಕಿಲ್ಲ. ತಂದೆತಾಯಿಯರು ಮಕ್ಕಳಿದ್ದಲ್ಲಿಗೆ ಓಡಿದರಾಯಿತು.

ಈ ಬಾಗಿಲಿಗೆ ಒಂದು ವಿಶೇಷವಿತ್ತು. ಸ್ಫೋಟದ ರಭಸವನ್ನು ಅದು ತಡೆಯುತ್ತಿತ್ತು. ಆದರೆ ಹೊರಗಿನವರು ತೆರೆಯದಂತೆ ಒಳಗಿನಿಂದ ಅಗುಳಿ ಹಾಕುವ ವ್ಯವಸ್ಥೆ ಸಾಮಾನ್ಯವಾಗಿ ಅದರಲ್ಲಿರಲಿಲ್ಲ. ಮನೆ ಕುಸಿದು ಒಳಗಿದ್ದವರು ಪ್ರಜ್ಞೆ ತಪ್ಪಿದರೆ ರಕ್ಷಣಾ ಸಿಬ್ಬಂದಿ ಹೊರಗಿನಿಂದ ತೆರೆಯುವಂತಿರಬೇಕೆಂಬುದು ಅದನ್ನು ರೂಪಿಸಿದವರ ಆಲೋಚನೆ. ಅವರ ಮನಸ್ಸಿನಲ್ಲಿ ಆ ಬಾಗಿಲಿನ ಆಚೆ ಬಂದು ನಿಲ್ಲಬಹುದಾದ ಮನುಷ್ಯ ಒಬ್ಬನೇ: ಕಾಪಾಡಲು ಬಂದವನು. ಶತ್ರು ಆಕಾಶದಿಂದ ಬರುತ್ತಾನೆ, ಬಾಗಿಲಿಗೆ ಬರುವವನು ಬಂಧು ಎಂಬ ನಂಬಿಕೆ ಆ ಉಕ್ಕಿನ ಹಲಗೆಯಲ್ಲಿಯೇ ಅಡಗಿತ್ತು. ಒಂದು ಮುಂಜಾನೆ ಆ ನಂಬಿಕೆ ಮುರಿದುಬಿತ್ತು.

2023ರ ಅಕ್ಟೋಬರ್ 7, ಶನಿವಾರ. ಯೆಹೂದ್ಯರಿಗೆ ಸಬ್ಬತ್ ದಿನ. ಜೊತೆಗೆ ಪರ್ಣಕುಟೀರಗಳ ಹಬ್ಬದ ಸಮಾಪ್ತಿ. ಅಂಗಳದಲ್ಲಿ ಸೊಪ್ಪು, ಗರಿಗಳನ್ನು ಹೊದಿಸಿದ ಗುಡಿಸಲು ಕಟ್ಟಿ, ಏಳು ದಿನ ಅದರೊಳಗೆ ಕುಳಿತು ಉಣ್ಣುವ ಹಬ್ಬವದು. ಸೂರಿನ ಸಂದಿನಿಂದ ನಕ್ಷತ್ರಗಳು ಕಾಣಬೇಕೆಂಬುದು ಸಂಪ್ರದಾಯ. ಮರುಭೂಮಿಯಲ್ಲಿ ಗೋಡೆಗಳಿಲ್ಲದೆ ಬದುಕಿದ ಪೂರ್ವಿಕರನ್ನು ದೇವರೇ ಕಾಪಾಡಿದರೆಂಬ ಸ್ಮರಣೆಗಾಗಿ ಈ ಆಚರಣೆ. ಅಂಗಳದಲ್ಲಿ ಅಂತಹ ಗುಡಿಸಲುಗಳು ಇನ್ನೂ ನಿಂತಿದ್ದಾಗಲೇ, ಬೆಳಗಿನ ಸುಮಾರು ಆರೂವರೆಗೆ ಸೈರನ್ ಮೊಳಗಿತು. ಗಾಜಾ ಗಡಿಯ ಕುಟುಂಬಗಳು ಎಂದಿನಂತೆ ಕಾಂಕ್ರೀಟಿನ ಕೋಣೆ ಸೇರಿದವು. ಎಂದಿನಂತೆ ಹತ್ತು ನಿಮಿಷದಲ್ಲಿ ಹೊರಗೆ ಬರುವೆವೆಂದು ಕೆಲವರು ನೀರನ್ನೂ ಒಯ್ದಿರಲಿಲ್ಲ. ಅಷ್ಟರಲ್ಲಿ ಹಮಾಸ್ ಸಂಘಟನೆಯ ಸಶಸ್ತ್ರರು ಗಡಿಬೇಲಿಯನ್ನು ಒಡೆದು ಊರೊಳಗೆ ನುಗ್ಗಿದ್ದರು. ನೀರ್ ಓಜ್, ಬೇರಿ, ಕ್ಫರ್ ಅಜಾ ಮುಂತಾದ ಕೃಷಿಗ್ರಾಮಗಳಲ್ಲಿ ತಂದೆಯರು, ತಾಯಂದಿರು, ಅಜ್ಜಂದಿರು ಆ ಬಾಗಿಲಿನ ಹಿಡಿಕೆಗೆ ಜೋತುಬಿದ್ದು ಗಂಟೆಗಟ್ಟಲೆ ನಿಂತರು. ಎಷ್ಟೋ ಕಡೆ ಹಿಡಿತ ಸಡಿಲಿತು. ಅಂದು ಸುಮಾರು 1,200 ಮಂದಿ ಹತರಾದರು. 251 ಮಂದಿಯನ್ನು ಗಾಜಾ ಪಟ್ಟಿಗೆ ಒಯ್ಯಲಾಯಿತು. ಸುಮಾರು 400 ಜನರಿದ್ದ ನೀರ್ ಓಜ್‌ನಲ್ಲಿ ನಾಲ್ವರಲ್ಲಿ ಒಬ್ಬರು ಸತ್ತರು ಇಲ್ಲವೇ ಸೆರೆಯಾದರು.

ಯುದ್ಧನೀತಿಯ ವಿಮರ್ಶೆ ಈ ಅಂಕಣದ ಕೆಲಸವಲ್ಲ. ಅದನ್ನು ಬಲ್ಲವರು ಈ ಪತ್ರಿಕೆಯ ಬೇರೆ ಪುಟಗಳಲ್ಲಿ ಬರೆಯುತ್ತಾರೆ. ನನ್ನನ್ನು ಕಾಡುವುದು ಬೇರೊಂದು ಸಂಗತಿ. ನಮ್ಮಲ್ಲಿ ಈ ಯುದ್ಧವನ್ನು ಕುರಿತು ನಡೆಯುವ ಮಾತುಕತೆಗಳಲ್ಲಿ ಮನೆಗಳೇ ಇರುವುದಿಲ್ಲ. 'ಇಸ್ರೇಲ್ ಹೀಗೆ ಮಾಡಿತು', 'ಪ್ಯಾಲೆಸ್ತೀನ್ ಹಾಗೆ ಮಾಡಿತು' ಎನ್ನುತ್ತೇವೆ, ಅವೆರಡೂ ಪಂಚೆಯುಟ್ಟು ಬೀದಿಗಿಳಿದ ಇಬ್ಬರು ಗಂಡಸರೋ ಎಂಬಂತೆ. ಗುರುಮಠದಲ್ಲಿ ನಮಗೆ ತತ್ತ್ವಶಾಸ್ತ್ರ ಕಲಿಸಿದವರು ಸಾಮಾನ್ಯ ಮತ್ತು ವಿಶೇಷ ಎಂಬ ಭೇದವನ್ನು ತಿಂಗಳುಗಟ್ಟಲೆ ಬೋಧಿಸಿದ್ದರು. ಆಗ ಅದು ಒಣ ತರ್ಕವೆಂದು ಎಷ್ಟೋ ಸಹಪಾಠಿಗಳಿಗೆ ಅನಿಸುತ್ತಿತ್ತು. ಯುದ್ಧಕಾಲದಲ್ಲಿ ಅದಕ್ಕೆ ಜೀವ ಬರುತ್ತದೆ. ಸಾಮಾನ್ಯ ಪದಗಳ ಮೇಲೆ ಯಾವ ಕ್ಷಿಪಣಿಯೂ ಬೀಳುವುದಿಲ್ಲ. ಬೀಳುವುದು ಇಂತಹ ಬೀದಿಯ ಇಂತಹ ಮನೆಯ ಅಡುಗೆಮನೆಯ ಮೇಲೆ. ಆದ್ದರಿಂದ ಮನೆಗಳನ್ನು ಕುರಿತೇ ಬರೆಯುತ್ತೇನೆ.

ಗಾಜಾದಿಂದ ಸುಮಾರು ಒಂದು ಕಿಲೋಮೀಟರು ದೂರದಲ್ಲಿ ಸ್ದೆರೋತ್ ಎಂಬ ಪಟ್ಟಣವಿದೆ. ಅಲ್ಲಿಗೆ ಮೊದಲ ರಾಕೆಟ್ ಬಂದು ಬಿದ್ದದ್ದು 2001ರಲ್ಲಿ. ಎಚ್ಚರಿಕೆ ಕೇಳಿದ ಕ್ಷಣದಿಂದ ರಾಕೆಟ್ ಬೀಳುವವರೆಗೆ ಅಲ್ಲಿಯ ಜನರಿಗೆ ಸಿಗುವ ಅವಧಿ 15 ಸೆಕೆಂಡು. ಒಮ್ಮೆ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆಯನ್ನು ಭಕ್ತಿಯಿಂದ ಹೇಳಿ ಮುಗಿಸಲು ಇದಕ್ಕಿಂತ ಹೆಚ್ಚು ಸಮಯ ಬೇಕು. ಈ 15 ಸೆಕೆಂಡುಗಳ ಸುತ್ತ ಅಲ್ಲಿಯ ಗೃಹಕೃತ್ಯವೆಲ್ಲ ಹೆಣೆದುಕೊಂಡಿದೆ. ಸ್ನಾನಕ್ಕೆ ಹೋಗುವವರು ಮನೆಯವರಿಗೆ ಹೇಳಿ ಹೋಗಬೇಕು. ಮೂವರು ಮಕ್ಕಳಿರುವ ತಾಯಿ ಯಾರನ್ನು ಮೊದಲು ಎತ್ತಿಕೊಳ್ಳಬೇಕೆಂಬುದನ್ನು ಹಗಲಿನಲ್ಲಿಯೇ ನಿಶ್ಚಯಿಸಿಟ್ಟಿರಬೇಕು. ಕಾರಿನಲ್ಲಿ ಹೋಗುತ್ತಿರುವವರು ವಾಹನ ನಿಲ್ಲಿಸಿ, ಇಳಿದು, ರಸ್ತೆಬದಿಯಲ್ಲಿ ತಲೆಯ ಮೇಲೆ ಕೈಯಿಟ್ಟು ಬೋರಲು ಮಲಗಬೇಕು. ಬಸ್ ನಿಲ್ದಾಣಗಳೆಲ್ಲ ಕಾಂಕ್ರೀಟಿನ ಗೂಡುಗಳು. ಮಕ್ಕಳು ಅವುಗಳ ಮೇಲೆ ಹೂವು, ಹಕ್ಕಿಗಳ ಚಿತ್ರ ಬಿಡಿಸಿದ್ದಾರೆ. ಒಂದು ಉದ್ಯಾನದಲ್ಲಿ ಬಣ್ಣಬಣ್ಣದ ದೊಡ್ಡ ಕಂಬಳಿಹುಳುವಿನ ಆಕೃತಿಗಳಿವೆ. ಮಕ್ಕಳು ಅವುಗಳೊಳಗೆ ನುಸುಳಿ ಆಡುತ್ತಾರೆ. ಸೈರನ್ ಕೂಗಿದರೆ ಅವೇ ಆಶ್ರಯತಾಣ.

ಆ ಎಚ್ಚರಿಕೆಯ ಘೋಷಣೆಗೆ ಮೊದಲು 'ಶಹರ್ ಅದೋಮ್' ಎಂಬ ಹೆಸರಿತ್ತು. 'ಕೆಂಪು ಅರುಣೋದಯ' ಎಂದರ್ಥ. ಶಹರ್ ಎಂಬುದು ಅಲ್ಲಿ ಹೆಣ್ಣುಮಕ್ಕಳಿಗೂ ಇಡುವ ಹೆಸರು. ಆ ಹೆಸರಿನ ಏಳು ವರ್ಷದ ಬಾಲಕಿಯೊಬ್ಬಳು, ತನ್ನ ಹೆಸರು ಕೂಗಿದೊಡನೆ ಎಲ್ಲರೂ ಹೆದರಿ ಓಡುವುದನ್ನು ಸಹಿಸಲಾರದೆ ದೂರಿದಳು. 2007ರಲ್ಲಿ ಘೋಷಣೆಯನ್ನು 'ತ್ಸೆವಾ ಅದೋಮ್', ಅಂದರೆ 'ಕೆಂಪು ಬಣ್ಣ', ಎಂದು ಬದಲಾಯಿಸಿದರು. ಒಂದು ರಾಷ್ಟ್ರದ ರಕ್ಷಣಾ ವ್ಯವಸ್ಥೆ ಒಬ್ಬ ಬಾಲಕಿಯ ಸಂಕಟಕ್ಕೆ ಮಣಿದ ಈ ಸಣ್ಣ ಪ್ರಸಂಗ ನನಗೆ ಬಹಳ ಪ್ರಿಯ. ಅದೇ ಊರಿನ ಒಬ್ಬ ಶಿಕ್ಷಕಿ ಆ ಎರಡು ಪದಗಳನ್ನೇ ಇಟ್ಟುಕೊಂಡು ಶಿಶುವಿಹಾರದ ಮಕ್ಕಳಿಗಾಗಿ ಅಭಿನಯಗೀತೆಯೊಂದನ್ನು ಕಟ್ಟಿದರು. ಓಡಿ ಬಂದ ಮಕ್ಕಳು ಕೈಕಾಲು ಕೊಡವಿ, ಉಸಿರೆಳೆದು, ಭಯವನ್ನು ಮೈಯಿಂದ ಇಳಿಸಿಕೊಳ್ಳಲು ಅದು ನೆರವಾಯಿತು. ಕಾಲವನ್ನು ಕುರಿತು ಚಿಂತಿಸಿದ ಸಂತ ಅಗಸ್ಟೀನರು ಅದು ಹೊರಗಿನ ವಸ್ತುವಿಗಿಂತ ಮಿಗಿಲಾಗಿ ಮನಸ್ಸಿನ ಹರವು ಎಂದು ಬಗೆದರು. ಬಾಲ್ಯದುದ್ದಕ್ಕೂ 15 ಸೆಕೆಂಡುಗಳ ಲೆಕ್ಕದಲ್ಲಿ ಬೆಳೆದ ಮನಸ್ಸಿನ ಹರವು ಎಷ್ಟು ಇಕ್ಕಟ್ಟಾದೀತೆಂಬ ಪ್ರಶ್ನೆಯನ್ನು ನಾನು ಆ ಮಹಾನುಭಾವರ ಮುಂದೆ ಇಡಲು ಬಯಸುತ್ತೇನೆ. 2001ರಲ್ಲಿ ಹುಟ್ಟಿದ ಸ್ದೆರೋತಿನ ಮಗು ಇಂದು ಸ್ವತಃ ತಂದೆಯೋ ತಾಯಿಯೋ ಆಗುವ ಪ್ರಾಯಕ್ಕೆ ಬಂದಿದೆ.

ಇಷ್ಟು ದೂರದ ವಿಚಾರ ನಮ್ಮ ಕರಾವಳಿಯ ವಾಚಕರಿಗೆ ಏಕೆ ಎಂದು ಯಾರೂ ಕೇಳಲಾರರು. ಮಂಗಳೂರು, ಉಡುಪಿ ಧರ್ಮಪ್ರಾಂತ್ಯಗಳ ಎಷ್ಟೋ ಕುಟುಂಬಗಳ ಅನ್ನದ ದಾರಿ ಆ ಮನೆಗಳ ಮೂಲಕವೇ ಹಾಯ್ದು ಬರುತ್ತದೆ. 2023ರ ಅಕ್ಟೋಬರ್‌ನಲ್ಲಿ ಇಸ್ರೇಲಿನಲ್ಲಿದ್ದ ಭಾರತೀಯರು ಸುಮಾರು 18,000 ಎಂದು ನಮ್ಮ ಸರಕಾರ ತಿಳಿಸಿತ್ತು. ಅವರಲ್ಲಿ ಬಹುಸಂಖ್ಯಾತರು ವೃದ್ಧರ, ರೋಗಿಗಳ ಆರೈಕೆ ಮಾಡುವವರು. ನಾವು ಕೇರ್‌ಗಿವರ್ ಎನ್ನುವವರು. ಆ ತಿಂಗಳ 11ರಂದು ಘೋಷಿಸಿದ 'ಆಪರೇಷನ್ ಅಜಯ್' ಕಾರ್ಯಾಚರಣೆಯಲ್ಲಿ ವಿಮಾನವೇರಿ ಬಂದವರಲ್ಲಿ ವಿದ್ಯಾರ್ಥಿಗಳೂ ಇತರರೂ ಇದ್ದರು. ಕೇರ್‌ಗಿವರ್‌ಗಳು ಬಹುತೇಕ ಅಲ್ಲಿಯೇ ಉಳಿದರು. ಸಾಲ ತೀರಬೇಕು, ಮನೆಯ ಕೆಲಸ ಮುಗಿಯಬೇಕು, ತಮ್ಮನ ಓದು ನಡೆಯಬೇಕು ಎಂಬ ಕಾರಣಗಳು ಸುಳ್ಳಲ್ಲ. ಆದರೆ ಅವಷ್ಟೇ ಕಾರಣವೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಅನ್ಯಾಯ ಮಾಡಿದಂತಾಗುತ್ತದೆ. ಹಾಸಿಗೆ ಹಿಡಿದ ತೊಂಬತ್ತು ವರ್ಷದ ಅಜ್ಜಿಯನ್ನು ಬಿಟ್ಟು ವಿಮಾನ ಹತ್ತುವುದು ಹೇಗೆಂಬ ಪ್ರಶ್ನೆಯೂ ಅವರ ಮುಂದಿತ್ತು.

15 ಸೆಕೆಂಡುಗಳ ಲೆಕ್ಕ ಆರೋಗ್ಯವಂತರಿಗಾಗಿ ಮಾಡಿದ್ದು. ಗಾಲಿಕುರ್ಚಿಯಲ್ಲಿರುವವರನ್ನು ಅಷ್ಟರಲ್ಲಿ ಎಲ್ಲಿಗೆ ಒಯ್ಯುವುದು? ಆರೈಕೆ ಮಾಡುವವರ ಕಾಲುಗಳು ಗಟ್ಟಿಯಾಗಿವೆ. ಒಬ್ಬರೇ ಓಡಿದರೆ ಅವರು ಪಾರಾಗಬಹುದು. ದಿನಕ್ಕೆ ಹಲವು ಬಾರಿ, ಯಾರೂ ನೋಡದ ಒಂದು ಮನೆಯೊಳಗೆ, ಪರದೇಶದ ಹುಡುಗಿಯೊಬ್ಬಳು ಈ ನೈತಿಕ ಪ್ರಶ್ನೆಯನ್ನು ಎದುರಿಸಿ, ಕುರ್ಚಿಯ ಹಿಂದೆ ಬಂದು ನಿಲ್ಲುತ್ತಾಳೆ. 2021ರ ಮೇ ತಿಂಗಳಲ್ಲಿ ಅಷ್ಕೆಲೋನ್ ನಗರದ ಮನೆಯೊಂದರ ಮೇಲೆ ಗಾಜಾದಿಂದ ಹಾರಿಬಂದ ರಾಕೆಟ್ ಬಿದ್ದಾಗ, ಕೇರಳದ ಒಬ್ಬ ಕೇರ್‌ಗಿವರ್ ಊರಿನಲ್ಲಿದ್ದ ಪತಿಯೊಡನೆ ವೀಡಿಯೋ ಕರೆಯಲ್ಲಿ ಮಾತನಾಡುತ್ತಿದ್ದಂತೆಯೇ ಅಸುನೀಗಿದರು. ಆಕೆ ನೋಡಿಕೊಳ್ಳುತ್ತಿದ್ದ ವೃದ್ಧೆಗೆ ತೀವ್ರ ಗಾಯಗಳಾದವು. 2023ರ ಆ ಅಕ್ಟೋಬರ್ ದಿನ ನೀರ್ ಓಜ್‌ನಲ್ಲಿ ಕೇರಳದವರೇ ಆದ ಇಬ್ಬರು ಕೇರ್‌ಗಿವರ್‌ಗಳು ತಮ್ಮ ಆರೈಕೆಯಲ್ಲಿದ್ದವರನ್ನು ಕಾಂಕ್ರೀಟಿನ ಕೋಣೆಗೆ ಸೇರಿಸಿ, ಅಗುಳಿಯಿಲ್ಲದ ಬಾಗಿಲಿನ ಹಿಡಿಕೆಯನ್ನು ಗಂಟೆಗಟ್ಟಲೆ ಹಿಡಿದು ನಿಂತು ಅವರ ಪ್ರಾಣ ಉಳಿಸಿದರು. ಹೊರಗಿನಿಂದ ಗುಂಡು ಹಾರಿಸಿದರೂ ಅವರು ಕೈಬಿಡಲಿಲ್ಲ. ಒಳ್ಳೆಯ ಸಮಾರ್ಯದವನ ಸಾಮತಿಯನ್ನು ಪ್ರಭು ಹೇಳಿದ್ದು ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿಯನ್ನು ನೆನೆದು. ಆ ದಾರಿಯಿಂದ ನೀರ್ ಓಜ್ ಬಹಳ ದೂರವೇನಿಲ್ಲ. ಅಲ್ಲಿಯೂ ನೆರವಿಗೆ ನಿಂತದ್ದು ಪರಕೀಯರೇ.

ಉತ್ತರದ ಗಡಿಯ ಕಥೆ ಬೇರೆ ಬಗೆಯದು. ಲೆಬನಾನಿನ ಬೇಲಿಯ ಪಕ್ಕದ ಊರುಗಳಲ್ಲಿ 15 ಸೆಕೆಂಡುಗಳ ಔದಾರ್ಯವೂ ಇಲ್ಲ. ಎಷ್ಟೋ ವೇಳೆ ಸೈರನ್ ಮತ್ತು ಸ್ಫೋಟ ಒಟ್ಟಿಗೇ ಕೇಳುತ್ತವೆ. 2023ರ ಅಕ್ಟೋಬರ್ 8ರಿಂದ ಹಿಜ್ಬುಲ್ಲಾ ಅಲ್ಲಿ ದಾಳಿ ಆರಂಭಿಸಿದಾಗ ಸರಕಾರವೇ ಗಡಿಯ ಊರುಗಳನ್ನು ಖಾಲಿ ಮಾಡಿಸಿತು. ಸುಮಾರು 60,000 ಜನ ಮನೆಗೆ ಬೀಗ ಹಾಕಿ ಹೊರಟರು. ತಿಬೇರಿಯ, ಟೆಲ್ ಅವೀವ್, ಕೆಂಪು ಸಮುದ್ರದ ದಡದ ಐಲಾತ್ ಮುಂತಾದೆಡೆಗಳ ಹೋಟೆಲುಗಳಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಪ್ರವಾಸಿಗರಿಗಾಗಿ ಕಟ್ಟಿದ ಸಭಾಂಗಣದಲ್ಲಿ ಮಕ್ಕಳ ಶಾಲೆ. ವಾರವೆರಡು ವಾರವೆಂದು ಹೊರಟವರು ವರ್ಷ ಕಳೆದರೂ ಹಿಂದಿರುಗಲಿಲ್ಲ. ಹೋಟೆಲಿನಲ್ಲಿರುವುದೆಂದರೆ ಸುಖವೆಂದು ನಮಗೆ ತೋರೀತು. ತಿಂಗಳುಗಟ್ಟಲೆ ತನ್ನದೇ ಒಲೆಯಿಲ್ಲದೆ, ಸಾಲಿನಲ್ಲಿ ನಿಂತು ತಟ್ಟೆ ತುಂಬಿಕೊಂಡು ಉಣ್ಣಬೇಕಾದ ಗೃಹಿಣಿಯನ್ನು ಕೇಳಿದರೆ ಬೇರೆ ಉತ್ತರ ಬಂದೀತು. ಊರು ಕಾಯುವ ತಂಡದಲ್ಲಿದ್ದ ಗಂಡಸರು ಹಿಂದೆಯೇ ಉಳಿದರು. ತೋಟಗಳಲ್ಲಿ ಹಣ್ಣು ಉದುರಿ ಕೊಳೆಯಿತು; ಕೆಲವರು ಪ್ರಾಣ ಪಣಕ್ಕಿಟ್ಟು ಕೊಯ್ಲಿಗೆ ಹೋದರು. 2024ರ ಮಾರ್ಚ್‌ನಲ್ಲಿ ಮಾರ್ಗಲಿಯೋತ್ ಎಂಬಲ್ಲಿಯ ತೋಟದಲ್ಲಿ ದುಡಿಯುತ್ತಿದ್ದ ಕೇರಳದ ಯುವಕನೊಬ್ಬ ಲೆಬನಾನಿನಿಂದ ಬಂದ ಕ್ಷಿಪಣಿಗೆ ಬಲಿಯಾದ.

ಕಿರ್ಯಾತ್ ಶ್ಮೋನಾ ಈ ಗಡಿಯ ದೊಡ್ಡ ಪಟ್ಟಣ. ಅಲ್ಲಿಯ ಜನ ಯಾರೆಂಬುದನ್ನು ಗಮನಿಸಬೇಕು. 1948ರಲ್ಲಿ ಅರಬ್ ನಿವಾಸಿಗಳು ತೊರೆಯಬೇಕಾಗಿ ಬಂದ ಅಲ್ ಖಾಲಿಸಾ ಎಂಬ ಹಳ್ಳಿಯ ನೆಲದಲ್ಲಿ, ಯೆಮನ್, ಮೊರೊಕ್ಕೊ ಮೊದಲಾದ ದೇಶಗಳಿಂದ ಬಂದ ಬಡ ಯೆಹೂದ್ಯ ವಲಸಿಗರಿಗಾಗಿ ಶಿಬಿರವಾಗಿ ಆರಂಭವಾದ ಊರದು. ಸ್ದೆರೋತ್ ಕೂಡ 1950ರ ದಶಕದ ಆರಂಭದಲ್ಲಿ ಅಂತಹುದೇ ಶಿಬಿರವಾಗಿ ಹುಟ್ಟಿತು. ರಾಜಧಾನಿಯಲ್ಲಿ ಗಡಿರೇಖೆ ಎಳೆಯುವವರು ಒಬ್ಬರು. ರೇಖೆಯ ಪಕ್ಕದಲ್ಲಿ ನೆಲೆ ಪಡೆದು, ಮಕ್ಕಳನ್ನು ಬೆಳೆಸಿ, ಬಾಂಬಿಗೆ ಕಿವಿಗೊಟ್ಟು ಮಲಗುವವರು ಮತ್ತೊಬ್ಬರು. ನಮ್ಮ ದೇಶದ ಗಡಿಗಳಲ್ಲಿಯೂ ಇದಕ್ಕಿಂತ ಭಿನ್ನವಾಗಿದೆಯೆಂದು ನನಗನ್ನಿಸುವುದಿಲ್ಲ. ಆ ಪಟ್ಟಣದ ಅಜ್ಜಿಯರಿಗೆ 1974ರ ಏಪ್ರಿಲ್ ನೆನಪಿದೆ. ವಸತಿಕಟ್ಟಡಕ್ಕೆ ನುಗ್ಗಿದ ಬಂದೂಕುಧಾರಿಗಳು 18 ಮಂದಿಯನ್ನು ಕೊಂದರು. ತಾಯಂದಿರಿಗೆ 2006ರ 34 ದಿನಗಳ ಯುದ್ಧ ನೆನಪಿದೆ. ಮಕ್ಕಳಿಗೆ ಹೋಟೆಲಿನ ನೆನಪು. ನಹಾರಿಯಾ ನಗರದ ಆಸ್ಪತ್ರೆ 2006ರಲ್ಲಿ ರಾಕೆಟ್ ಪೆಟ್ಟು ತಿಂದದ್ದು. ಈ ಬಾರಿ ರೋಗಿಗಳನ್ನು ಮೊದಲೇ ನೆಲದಡಿಯ ವಾರ್ಡುಗಳಿಗೆ ಇಳಿಸಿತು. ಎಷ್ಟೋ ಶಿಶುಗಳು ಈ ಲೋಕದ ಬೆಳಕನ್ನು ಕಂಡದ್ದು ನೆಲಮಾಳಿಗೆಯಲ್ಲಿ. ಇದೇ ಆಸ್ಪತ್ರೆ 2013ರಿಂದ ಕೆಲವು ವರ್ಷ ಸಿರಿಯಾದ ಅಂತರ್ಯುದ್ಧದ ಗಾಯಾಳುಗಳನ್ನು ಗಡಿಯಿಂದ ಬರಮಾಡಿಕೊಂಡು ಚಿಕಿತ್ಸೆ ನೀಡಿತ್ತೆಂಬುದನ್ನೂ ಹೇಳಬೇಕು.

ಗಡಿಯ ಕುಟುಂಬಗಳೆಂದರೆ ಯೆಹೂದ್ಯರು ಮಾತ್ರವೇ ಎಂದು ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. 2024ರ ಜುಲೈ 27ರಂದು ಗೋಲನ್ ಪ್ರಸ್ಥಭೂಮಿಯ ಮಜ್ದಲ್ ಶಮ್ಸ್‌ನಲ್ಲಿ ಕಾಲ್ಚೆಂಡಾಡುತ್ತಿದ್ದಾಗ ಸತ್ತ 12 ಮಕ್ಕಳು, ಕಿಶೋರರು ದ್ರೂಸ್ ಸಮುದಾಯದವರು. ಮೈದಾನದ ಪಕ್ಕದಲ್ಲಿಯೇ ಕಾಂಕ್ರೀಟಿನ ಆಶ್ರಯವಿತ್ತು. ಅಲ್ಲಿಗೆ ಓಡುವಷ್ಟೂ ಸಮಯ ಸಿಗಲಿಲ್ಲ. ಲೆಬನಾನ್ ಗಡಿಗೆ ಹತ್ತಿರದಲ್ಲಿಯೇ ಜಿಶ್ ಎಂಬ ಊರಿದೆ. ಅಲ್ಲಿಯವರು ಬಹುಪಾಲು ಮಾರೋನೈಟ್ ಕಥೋಲಿಕರು, ನಮ್ಮದೇ ಧರ್ಮಸಭೆಯವರು. ಸಂತ ಪೌಲರ ತಂದೆತಾಯಿಯರು ಈ ಊರಿನವರೆಂಬ ಪರಂಪರೆಯನ್ನು ಸಂತ ಜೆರೋಮರು ದಾಖಲಿಸಿದ್ದಾರೆ. ಸಮೀಪದ ಫಸ್ಸೂತಾದಲ್ಲಿ ಮೆಲ್ಕೈಟ್ ಕಥೋಲಿಕರಿದ್ದಾರೆ. ಅರಬ್ಬೀ ಮಾತೃಭಾಷೆ, ಇಸ್ರೇಲಿ ಪೌರತ್ವ, ಕ್ರೈಸ್ತ ವಿಶ್ವಾಸ. ತಲೆಯ ಮೇಲೆ ಹಾರುವ ಕ್ಷಿಪಣಿ ಇವುಗಳಲ್ಲಿ ಯಾವುದನ್ನೂ ವಿಚಾರಿಸುವುದಿಲ್ಲ. ಅರಬ್ ಊರುಗಳಲ್ಲಿ ಸಾರ್ವಜನಿಕ ಆಶ್ರಯತಾಣಗಳು ಕಡಿಮೆಯೆಂಬ ದೂರು ಹಳೆಯದು, ನ್ಯಾಯವಾದದ್ದೂ ಹೌದು.

ಆ ಗಡಿಯಲ್ಲಿಯೇ ಇಕ್ರಿತ್ ಎಂಬ ಮೆಲ್ಕೈಟ್ ಗ್ರಾಮವಿತ್ತು. 1948ರ ನವೆಂಬರ್‌ನಲ್ಲಿ ಸೈನ್ಯ ಗ್ರಾಮಸ್ಥರನ್ನು ಎರಡು ವಾರಕ್ಕೆಂದು ಹೊರಗೆ ಕಳುಹಿಸಿತು. 1951ರಲ್ಲಿ ಅವರು ಹಿಂದಿರುಗಬಹುದೆಂದು ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯವೇ ತೀರ್ಪಿತ್ತಿತು. ಅದೇ ವರ್ಷ ಕ್ರಿಸ್ಮಸ್ ಹಿಂದಿನ ದಿನ ಸೈನ್ಯ ಮನೆಗಳನ್ನೆಲ್ಲ ಸ್ಫೋಟಿಸಿ, ದೇವಾಲಯವೊಂದನ್ನು ಮಾತ್ರ ಉಳಿಸಿತು. ಇಂದಿಗೂ ಆ ಊರಿನವರ ಮಕ್ಕಳು, ಮೊಮ್ಮಕ್ಕಳು ಪಾಸ್ಖ ಹಬ್ಬಕ್ಕೆ ಅಲ್ಲಿ ಸೇರುತ್ತಾರೆ. ಸತ್ತವರನ್ನು ಅಲ್ಲಿಯೇ ಮಣ್ಣುಮಾಡುತ್ತಾರೆ. 2023ರ ಡಿಸೆಂಬರ್ 26ರಂದು, ಕ್ರಿಸ್ಮಸ್‌ನ ಮರುದಿನ, ಹಿಜ್ಬುಲ್ಲಾದ ಕ್ಷಿಪಣಿ ಅದೇ ದೇವಾಲಯಕ್ಕೆ ತಗುಲಿತು. ಅಲ್ಲಿದ್ದ ವೃದ್ಧರೊಬ್ಬರು ಗಾಯಗೊಂಡರು. ಅವರನ್ನು ಹೊರತರಲು ಹೋದ ಒಂಬತ್ತು ಇಸ್ರೇಲಿ ಸೈನಿಕರೂ ಮುಂದಿನ ಹೊಡೆತಕ್ಕೆ ಗಾಯಗೊಂಡರು. ಯಾವ ಸೈನ್ಯ ಆ ಊರನ್ನು ಕೆಡವಿತ್ತೋ ಅದೇ ಸೈನ್ಯದ ಯುವಕರು ಆ ಊರಿನ ದೇವಾಲಯದಲ್ಲಿದ್ದ ವೃದ್ಧನಿಗಾಗಿ ರಕ್ತ ಸುರಿಸಿದರು. ಇದನ್ನು ಯಾವ ಘೋಷಣಾಫಲಕದ ಮೇಲೆ ಬರೆಯಲು ಸಾಧ್ಯ?

ಬೇಲಿಯ ಆಚೆ ಕಡೆಯ ಮನೆಗಳ ವಿಚಾರಕ್ಕೆ ಬರುತ್ತೇನೆ. ಗಾಜಾದ ಮನೆಗಳಲ್ಲಿ ಕಾಂಕ್ರೀಟಿನ ಕೋಣೆಯಿಲ್ಲ, ಸೈರನ್ ಇಲ್ಲ, ನೆಲದಡಿಯ ಆಶ್ರಯ ಸಾಮಾನ್ಯ ಜನರಿಗಿಲ್ಲ. ಅಲ್ಲಿ ಸತ್ತವರ ಸಂಖ್ಯೆ 2025ರ ಕೊನೆಯ ವೇಳೆಗೆ ಅಲ್ಲಿಯ ಆರೋಗ್ಯ ಇಲಾಖೆಯ ಲೆಕ್ಕದಂತೆ 70,000ವನ್ನು ಮೀರಿತು. ಲೆಬನಾನಿನಲ್ಲಿ 2024ರ ನವೆಂಬರ್ 27ರ ಕದನವಿರಾಮದ ವೇಳೆಗೆ ಸುಮಾರು 4,000 ಮಂದಿ ಸತ್ತಿದ್ದರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟಿದ್ದರು. ಗಾಜಾದ ಏಕೈಕ ಕಥೋಲಿಕ ಧರ್ಮಕೇಂದ್ರವಾದ ಪವಿತ್ರ ಕುಟುಂಬ ದೇವಾಲಯಕ್ಕೆ ವಿಶ್ವಗುರು ಫ್ರಾನ್ಸಿಸರು 2025ರ ಏಪ್ರಿಲ್‌ನಲ್ಲಿ ನಿಧನರಾಗುವವರೆಗೆ ಬಹುತೇಕ ಪ್ರತಿ ಸಂಜೆ ದೂರವಾಣಿ ಕರೆ ಮಾಡುತ್ತಿದ್ದರು. ಅದೇ ವರ್ಷ ಜುಲೈ 17ರಂದು ಇಸ್ರೇಲಿ ಶೆಲ್ ಆ ದೇವಾಲಯಕ್ಕೆ ಬಡಿದು ಮೂವರು ಸತ್ತರು, ಧರ್ಮಗುರುಗಳೂ ಗಾಯಗೊಂಡರು.

ಈ ಅಂಕಿಗಳನ್ನು ಬರೆದೊಡನೆ ಒಂದು ತಕ್ಕಡಿ ತಾನಾಗಿಯೇ ನಮ್ಮ ಮನಸ್ಸಿನಲ್ಲಿ ತೂಗಾಡತೊಡಗುತ್ತದೆ. ಒಂದು ತಟ್ಟೆಯಲ್ಲಿ 1,200, ಇನ್ನೊಂದರಲ್ಲಿ 70,000. ನ್ಯಾಯವಿಚಾರಣೆ ಮಾಡುವವರಿಗೆ ಆ ಅಂಕಿಗಳು ಬೇಕು; ಪ್ರಮಾಣ ಮೀರಿದ ಹಿಂಸೆಯನ್ನು ಧರ್ಮಸಭೆಯ ಯುದ್ಧನೀತಿ ಖಂಡಿಸುತ್ತದೆ, ನಾನೂ ಖಂಡಿಸುತ್ತೇನೆ. ಆದರೆ ಸಂಕಟವನ್ನು ಆಲಿಸುವವನಿಗೆ ತಕ್ಕಡಿಯಿಂದ ಉಪಯೋಗವಿಲ್ಲ. ಸ್ದೆರೋತಿನ ತಾಯಿಯ ಭಯವನ್ನು ನಾನು ಕೇಳಿಸಿಕೊಂಡರೆ ಗಾಜಾದ ತಾಯಿಯ ಗೋಳಿನ ತೂಕ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಇವಳನ್ನು ಕೇಳಿಸಿಕೊಳ್ಳಲು ಅವಳ ಬಾಯಿ ಮುಚ್ಚಬೇಕೆಂದು, ಅವಳಿಗಾಗಿ ಅಳಲು ಇವಳನ್ನು ಕಲ್ಪನೆಯಿಂದಲೇ ಅಳಿಸಬೇಕೆಂದು ನಮಗೆ ಯಾರು ಕಲಿಸಿದರು?

ನಮ್ಮ ಧರ್ಮಕೇಂದ್ರಗಳಲ್ಲಿಯೇ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು ಬಗೆಯವರು ಈ ಯುದ್ಧದಲ್ಲಿ ಪ್ರವಾದನೆಗಳ ನೆರವೇರಿಕೆಯನ್ನು ಕಾಣುತ್ತಾರೆ. ಕೀರ್ತನೆಗಳ ಸಾಲುಗಳನ್ನು ಯುದ್ಧವಿಮಾನಗಳ ಚಿತ್ರಕ್ಕೆ ಜೋಡಿಸಿ ವಾಟ್ಸಾಪ್‌ನಲ್ಲಿ ಹಂಚುತ್ತಾರೆ. ಇವರಿಗೆ ಕನ್ನಡ ಭಾಷೆಯೇ ಒಂದು ಸೂಚನೆ ನೀಡಿದೆ: ನಮ್ಮ ಪವಿತ್ರ ಬೈಬಲಿನಲ್ಲಿ 'ಇಸ್ರಯೇಲ್' ಎಂದಿದೆ, ವಾರ್ತಾಪತ್ರಿಕೆಗಳಲ್ಲಿ 'ಇಸ್ರೇಲ್' ಎಂದಿದೆ. ಮೊದಲನೆಯದು ದೇವರು ಒಡಂಬಡಿಕೆ ಮಾಡಿಕೊಂಡ ಜನಾಂಗ. ಆ ಒಡಂಬಡಿಕೆಯ ವೃಕ್ಷದ ಬೇರಿನಿಂದಲೇ ನಾವು ಸಾರ ಹೀರುತ್ತಿದ್ದೇವೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ನೆನಪಿಸಿತು, ಯೆಹೂದ್ಯದ್ವೇಷವನ್ನು ಖಂಡಿಸಿತು. ಎರಡನೆಯದು 1948ರಲ್ಲಿ ಸ್ಥಾಪಿತವಾದ ಆಧುನಿಕ ರಾಷ್ಟ್ರ. ಚುನಾವಣೆ, ಪಕ್ಷ, ಸರಕಾರಗಳಿರುವ, ತನ್ನ ಪ್ರಜೆಗಳಿಂದಲೇ ತೀವ್ರ ಟೀಕೆಗೊಳಗಾಗುವ ರಾಷ್ಟ್ರ. 1993ರಲ್ಲಿ ಅದರೊಡನೆ ಒಪ್ಪಂದ ಮಾಡಿಕೊಂಡ ಪವಿತ್ರ ಪೀಠ, 2015ರಲ್ಲಿ ಪ್ಯಾಲೆಸ್ತೀನ್ ರಾಷ್ಟ್ರದೊಡನೆಯೂ ಒಪ್ಪಂದಕ್ಕೆ ಸಹಿ ಹಾಕಿತು. ಒಂದೆರಡು ಅಕ್ಷರಗಳ ಭೇದವನ್ನು ಅಳಿಸಿಹಾಕಿ ಬಾಂಬಿಗೆ ಆಶೀರ್ವಾದ ಕೇಳುವವರು, ಹೋಟೆಲಿನ ಕೋಣೆಯಲ್ಲಿ ಕುಳಿತಿದ್ದ ಕಿರ್ಯಾತ್ ಶ್ಮೋನಾದ ಸಂಸಾರಕ್ಕೂ ಉಪಕಾರ ಮಾಡಲಿಲ್ಲ. ಆ ಸಂಸಾರಕ್ಕೆ ಪ್ರವಾದನೆಯ ದಾಳವಾಗುವ ಆಸೆಯಿರಲಿಲ್ಲ. ಮನೆಗೆ ಹಿಂದಿರುಗುವ ಆಸೆಯಿತ್ತು.

ಇನ್ನೊಂದು ಬಗೆಯವರು ಸಾಮಾನ್ಯವಾಗಿ ಓದಿದವರು, ನ್ಯಾಯದ ಹಸಿವುಳ್ಳವರು. ಗಾಜಾದ ಮಕ್ಕಳಿಗಾಗಿ ಅವರ ಕಣ್ಣು ತೇವವಾಗುತ್ತದೆ, ಆಗಲೇಬೇಕು. ಆದರೆ ಕಿಬ್ಬುತ್ಸ್‌ನ ಮಗುವಿನ ಮಾತು ಬಂದೊಡನೆ ಮುಖ ಕಲ್ಲಾಗುತ್ತದೆ. 'ಅವರು ಅಲ್ಲಿ ಏಕೆ ವಾಸಿಸಬೇಕಿತ್ತು?' ಎಂದು ಕೇಳುತ್ತಾರೆ. ಐದು ವರ್ಷದ ಮಗು ವಾಸಸ್ಥಳವನ್ನು ಆರಿಸಿಕೊಳ್ಳುವುದಿಲ್ಲ. ಕ್ಯಾಸಬ್ಲಾಂಕಾದಿಂದ ಬಂದ ಅದರ ಅಜ್ಜನೂ ಆರಿಸಿಕೊಂಡಿರಲಿಲ್ಲ. ಗಡಿಯ ನಿವಾಸಿಯನ್ನು ಅವನ ಸರಕಾರದ ಪಾಪಗಳಿಗೆ ಜಾಮೀನುದಾರನನ್ನಾಗಿ ಮಾಡುವ ಈ ತರ್ಕವನ್ನು ಒಪ್ಪಿಕೊಂಡರೆ ಗಾಜಾದ ನಿವಾಸಿಯನ್ನು ಉಳಿಸುವ ತರ್ಕ ನಮ್ಮ ಬಳಿ ಯಾವುದು ಉಳಿಯುತ್ತದೆ? ಹಮಾಸ್ ಮಾಡಿದ್ದಕ್ಕೆ ಅಲ್ಲಿಯ ಮಕ್ಕಳು ಬೆಲೆ ತೆರಲೆಂದು ಹೇಳಿದವರೂ ಇದೇ ತರ್ಕವನ್ನು ಬಳಸಿದರು.

ಈ ವಿಚಾರದಲ್ಲಿ ಗಡಿಯ ಜನರೇ ನಮಗಿಂತ ಮುಂದಿದ್ದರು. ಬೇರಿ ಗ್ರಾಮದ ವಿವಿಯನ್ ಸಿಲ್ವರ್ ಅವರು ದಶಕಗಳ ಕಾಲ ಶಾಂತಿಗಾಗಿ ದುಡಿದವರು. ಯೆಹೂದ್ಯ, ಅರಬ್ ಮಹಿಳೆಯರು ಸೇರಿ 2014ರಲ್ಲಿ ಕಟ್ಟಿದ ಶಾಂತಿ ಚಳವಳಿಯ ಸ್ಥಾಪಕರಲ್ಲೊಬ್ಬರು. ಗಾಜಾದಿಂದ ಬರುವ ರೋಗಿಗಳನ್ನು ಗಡಿಯ ತಪಾಸಣಾ ಕೇಂದ್ರದಿಂದ ಇಸ್ರೇಲಿನ ಆಸ್ಪತ್ರೆಗಳಿಗೆ ತಮ್ಮ ಸ್ವಂತ ಕಾರಿನಲ್ಲಿ ಕರೆದೊಯ್ಯುತ್ತಿದ್ದ ಸ್ವಯಂಸೇವಕರಲ್ಲಿ ಅವರೂ ಒಬ್ಬರು. ಅಂತಹ ಸ್ವಯಂಸೇವಕರು ಆ ಗ್ರಾಮಗಳಲ್ಲಿ ಹಲವರಿದ್ದರು. ಅಕ್ಟೋಬರ್ 7ರಂದು ವಿವಿಯನ್ ತಮ್ಮ ಮನೆಯಲ್ಲಿಯೇ ಹತರಾದರು. ಅವರ ಮರಣ ಶಾಂತಿಮಾರ್ಗದ ವ್ಯರ್ಥತೆಗೆ ಸಾಕ್ಷಿಯೆಂದು ಹೇಳಿದವರುಂಟು. ಅವರ ಮಗ ಹಾಗೆ ಹೇಳಲಿಲ್ಲ. ತಾಯಿಯ ಕೆಲಸವನ್ನೇ ಕೈಗೆತ್ತಿಕೊಂಡು ಶಾಂತಿಗಾಗಿ ಬಹಿರಂಗವಾಗಿ ದನಿಯೆತ್ತಿದರು. ರೋಗಿಗಳ ವಾಹನಸೇವೆಯೂ ಪಶ್ಚಿಮ ದಂಡೆಯ ಕಡೆಯಿಂದ ಮುಂದುವರಿಯಿತು.

ಪಾಸ್ಖ ಭೋಜನದ ರಾತ್ರಿ ಯೆಹೂದ್ಯ ಕುಟುಂಬಗಳು ಒಂದು ಹಂತದಲ್ಲಿ ಎದ್ದು ಮನೆಯ ಬಾಗಿಲನ್ನು ತೆರೆದಿಡುತ್ತವೆ. ಎಲೀಯ ಪ್ರವಾದಿ ಬಂದಾರೆಂಬ ನಿರೀಕ್ಷೆ ಅದು. 2024ರ ಏಪ್ರಿಲ್‌ನಲ್ಲಿ ಗಡಿಯಿಂದ ಬಂದ ಕುಟುಂಬಗಳು ಆ ಆಚರಣೆಯನ್ನು ಪರರ ಊರಿನ ಹೋಟೆಲುಗಳಲ್ಲಿ, ತಾತ್ಕಾಲಿಕ ವಸತಿಗಳಲ್ಲಿ ನಡೆಸಬೇಕಾಯಿತು. ಆ ವೇಳೆಗೆ ಕಾಂಕ್ರೀಟಿನ ಕೋಣೆಗಳ ಬಾಗಿಲಿಗೆ ಒಳಗಿನಿಂದ ಭದ್ರಪಡಿಸುವ ಸಾಧನಗಳು ಬಳಕೆಗೆ ಬಂದಿದ್ದವು. ಅವುಗಳನ್ನು ಅಳವಡಿಸಿಕೊಂಡವರನ್ನು ದೂಷಿಸುವ ಧೈರ್ಯ ನನಗಿಲ್ಲ. ಮಕ್ಕಳಿರುವ ಮನೆಯಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಮನೆ ಕುಸಿದ ದಿನ ರಕ್ಷಿಸಲು ಬಂದವನು ಆ ಬಾಗಿಲನ್ನು ಹೇಗೆ ತೆರೆಯುತ್ತಾನೆಂಬ ಹಳೆಯ ಪ್ರಶ್ನೆಯೂ ಜೊತೆಗೇ ಹಿಂದಿರುಗಿ ಬಂದಿದೆ.

ಇನ್ನು ಒಂದು ವ್ಯಾವಹಾರಿಕ ಸಂಗತಿ. ಇಸ್ರೇಲಿನಲ್ಲಿ ದುಡಿಯುತ್ತಿರುವ ಮಗಳಿಗೋ ಸೊಸೆಗೋ ಸುರಕ್ಷೆಯಾಗಲೆಂದು ಪೂಜೆಯ ಕೋರಿಕೆ ಬರೆಸಲು ಅನೇಕ ತಾಯಂದಿರು ಧರ್ಮಗುರುಗಳ ಕಚೇರಿಗೆ ಬರುತ್ತಾರೆ. ಕೋರಿಕೆಯಲ್ಲಿ ಆಕೆ ನೋಡಿಕೊಳ್ಳುತ್ತಿರುವ ವೃದ್ಧರ ಹೆಸರನ್ನೂ ಬರೆಸಿರಿ. ಮುಂದಿನ ಬಾರಿ ಮಗಳ ಕರೆ ಬಂದಾಗ ಸಂಬಳ, ಹವೆ, ಊಟಗಳನ್ನು ವಿಚಾರಿಸುವುದಕ್ಕೆ ಮೊದಲು ಕೆಲವು ಪ್ರಶ್ನೆ ಕೇಳಿರಿ: ನೀನಿರುವ ಮನೆ ಹೊಸದೋ ಹಳೆಯದೋ? ಹಳೆಯ ಕಟ್ಟಡಗಳಲ್ಲಿ ಕಾಂಕ್ರೀಟಿನ ಕೋಣೆ ಇರುವುದಿಲ್ಲ. ಕೆಳಗಿನ ಸಾಮೂಹಿಕ ಆಶ್ರಯವನ್ನೋ ಮೆಟ್ಟಿಲ ಸಂದನ್ನೋ ನಂಬಬೇಕು. ನಿನ್ನ ಊರಿಗೆ ಎಷ್ಟು ಸೆಕೆಂಡು? ರಾತ್ರಿ ಅಜ್ಜಿಯ ಹಾಸಿಗೆಯನ್ನು ಆ ಕೋಣೆಗೇ ಸಾಗಿಸಿಕೊಳ್ಳಲು ಮನೆಯವರು ಒಪ್ಪಿದ್ದಾರೆಯೇ? ಒಪ್ಪದಿದ್ದರೆ ಅಜ್ಜಿಯ ಮಕ್ಕಳೊಡನೆ ಒಮ್ಮೆ ಮಾತನಾಡಲು ಆಕೆಗೆ ಹೇಳಿರಿ. ಸಾಧ್ಯವಾದರೆ ವೀಡಿಯೋ ಕರೆಯಲ್ಲಿ ಅಜ್ಜಿಯ ಮುಖವನ್ನೊಮ್ಮೆ ನೋಡಿ ಕೈಮುಗಿಯಿರಿ. ಅವರಿಗೂ ನಿಮ್ಮ ಮುಖ ತಿಳಿದಿರಲಿ.